ಕೇಪಿನ ಕೋವಿಗೆ ಕೊಸರು

ಪಾಂಡವಪುರದಲ್ಲಿ ಹಿಟ್ಟಿನ ಗಿರಣಿ ನಡೆಸುವ ಹೆಂಗಸು ಯಾವುದಕ್ಕೂ ಹೆದರುವುದಿಲ್ಲ. ಹೆದರಲು ಪುರುಸೊತ್ತೇ ಇರುವುದಿಲ್ಲ. ಬೆಳಗಾದರೆ ಡಬ್ಬ ಹಿಡಿದು ನಿಂತ ಜನ, ಬೆಲ್ಟು ಕಿತ್ತುಕೊಂಡ ಮೋಟಾರು, ಹೇಳದೆ ಕೇಳದೆ ಹೋಗುವ ಕರೆಂಟು, "ನನ್ ರಾಗಿಗೆ ಯಾರ್ದೋ ಜ್ವಾಳ ಬೆರ್ಸ್‌ಬುಟ್ಟಿದ್ದೀಯಾ" ಎಂದು ಸೆರಗು ಸಿಕ್ಕಿಸಿಕೊಂಡು ಬರುವ ಅಜ್ಜಿಯರು! ಇಷ್ಟನ್ನೆಲ್ಲ ಸಂಭಾಳಿಸಿದ ನನಗೆ ಒಂದು ಕೇಪಿನ ಕೋವಿ ಯಾವ ಲೆಕ್ಕ ಎಂದು ನಾನು ಭಾವಿಸಿದ್ದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ತಪ್ಪುಗಳೆಲ್ಲ ಆಮೇಲೆ ನಡೆದವು.

ಕೋವಿ ನಮ್ಮಪ್ಪನದು. ಮಾಕವಳ್ಳಿ ಹತ್ತಿರದ ನಮ್ಮೂರಿನಲ್ಲಿ ಕಬ್ಬಿನ ಗದ್ದೆಗೆ ಕಾಡುಹಂದಿ ನುಗ್ಗಿದಾಗ ಅಪ್ಪ ಅದನ್ನು ಆಕಾಶಕ್ಕೆ ಹಾರಿಸುತ್ತಿದ್ದರು. ಹಂದಿಗಳು ಒಂದು ಗಳಿಗೆ ತಲೆಯೆತ್ತಿ ನೋಡಿ, ಗೌಡರು ಬಂದು ಹೋದರು ಎಂದು ತಿಳಿದುಕೊಂಡು, ಮತ್ತೆ ಊಟಕ್ಕೆ ಕೂರುತ್ತಿದ್ದವು. ಅಪ್ಪ ತೀರಿಕೊಂಡ ಮೇಲೆ ಪಾಲಿನ ಮಾತು ಬಂತು. ನನ್ನ ಅಣ್ಣಂದಿರು ಗದ್ದೆಗೆ ಎಷ್ಟು ಬೇಗ ಮುಂದೆ ಬಂದರೋ ಕೋವಿಯಿಂದ ಅಷ್ಟೇ ಬೇಗ ಹಿಂದೆ ಸರಿದರು.

"ಎಲೆಕ್ಷನ್ನು ಬಂದಾಗ್ಲೆಲ್ಲ ಅದುನ್ನ ಹೊತ್ಕಂಡೋಗಿ ಸ್ಟೇಷನ್ನಲ್ಲಿ ಇಟ್ ಬರ್ಬೇಕು ಕಣವ್ವ ಭಾಗ್ಯ. ಯಾವ ಕರ್ಮ!" ಎಂದರು ದೊಡ್ಡಣ್ಣ.

ಮಾತು ನಿಜ. ನಮ್ಮ ತಾಲ್ಲೂಕಿನ ಯಾವ ಕಳ್ಳನೂ ಆ ಕೋವಿಯಷ್ಟು ಸಲ ಠಾಣೆಯ ಮೆಟ್ಟಿಲು ಹತ್ತಿರಲಿಕ್ಕಿಲ್ಲ. ಆದರೂ ಅಪ್ಪನ ಕೈಯ ಬೆವರು ಹೀರಿ ಕಪ್ಪಾಗಿದ್ದ ಆ ಮರದ ಹಿಡಿಯನ್ನು ನೋಡಿ ನನಗೆ ಮನಸ್ಸು ತಡೆಯಲಿಲ್ಲ. "ನನಗಿರ್ಲಿ" ಎಂದುಬಿಟ್ಟೆ. ಹಲವು ಕಚೇರಿಗಳಿಗೆ ಅಲೆದು, ಚಪ್ಪಲಿ ಸವೆಸಿ, ಲೈಸೆನ್ಸು ನನ್ನ ಹೆಸರಿಗೆ ಮಾಡಿಸಿಕೊಂಡು, ಕೋವಿಯನ್ನು ಮನೆಗೆ ತಂದೆ.

ನಮ್ಮ ಯಜಮಾನರು ಇನ್ಶೂರೆನ್ಸ್ ಏಜೆಂಟರು. ಅಪಾಯವಿಲ್ಲದ ಕಡೆಯಲ್ಲೂ ಅಪಾಯ ಕಾಣುವುದು ಅವರ ವೃತ್ತಿಧರ್ಮ. ಕೋವಿ ಹೊಸ್ತಿಲು ದಾಟುತ್ತಿದ್ದಂತೆ ಅವರು ಕುರ್ಚಿಯ ಮೇಲೆ ಕಾಲೆತ್ತಿಕೊಂಡು ಕುಳಿತರು. ಹಾವು ಬಂದಾಗಲೂ ಅವರು ಹೀಗೆಯೇ ಮಾಡುವುದು.

"ಅಲ್ಲ ಕಣಮ್ಮಿ, ಬೇರೆ ಹೆಂಗುಸ್ರು ಕಸೂತಿ ಹಾಕ್ತಾರೆ, ರಂಗೋಲಿ ಬುಡ್ತಾರೆ. ನಿಂಗ್ಯಾಕೆ ಈ ಹವ್ಯಾಸ?"

"ಕಸೂತಿ ಸೂಜಿ ಚುಚ್ಚಿದ್ರೆ ನೋವಾಗುತ್ತೆ ಕಣ್ರೀ" ಎಂದೆ.

ಕೇಪಿನ ಕೋವಿಯನ್ನು ಕಾಣದವರಿಗೆ ಒಂದು ಮಾತು ಹೇಳಬೇಕು. ಇದು ಸಿನಿಮಾದಲ್ಲಿ ನೋಡುವ ಬಂದೂಕಿನಂತೆ ಢಂ ಢಂ ಎಂದು ಹೊಡೆಯುತ್ತಾ ಹೋಗುವ ವಸ್ತುವಲ್ಲ. ಇದಕ್ಕೆ ಎಳೇ ಮಗುವಿಗೆ ತಿನ್ನಿಸುವಂತೆ ಎಲ್ಲವನ್ನೂ ಬಾಯಿಂದಲೇ ತಿನ್ನಿಸಬೇಕು. ನಳಿಗೆಯ ಬಾಯಿಗೆ ಮೊದಲು ಮದ್ದು ಸುರಿಯಬೇಕು. ಅದರ ಮೇಲೆ ತೆಂಗಿನ ನಾರು. 'ಗಜ' ಎಂಬ ಉದ್ದನೆಯ ಕಬ್ಬಿಣದ ಕೋಲಿನಿಂದ ಗುದ್ದಬೇಕು. ಆಮೇಲೆ ಗುಂಡು, ಮತ್ತೆ ನಾರು, ಮತ್ತೆ ಗಜ. ಕೊನೆಗೆ ಹಿಂದುಗಡೆ ಕುಂಕುಮದ ಬೊಟ್ಟಿನಷ್ಟಿರುವ, ಬಡಿದರೆ ಕಿಡಿ ಕಾರುವ ಕೇಪು ಇಟ್ಟು ಕುದುರೆ ಎಳೆಯಬೇಕು. ಕುದುರೆ ಎಂದರೆ ಕೇಪಿನ ಮೇಲೆ ಬಡಿಯುವ ಪುಟ್ಟ ಸುತ್ತಿಗೆ. ಒಂದು ಈಡು ತಯಾರಾಗುವಷ್ಟರಲ್ಲಿ ಅನ್ನ ಬೆಂದು ತಣ್ಣಗಾಗಿರುತ್ತದೆ. ಇಂಥ ಕೋವಿಗೆ ಸಿಕ್ಕಿ ಸತ್ತ ಪ್ರಾಣಿ ಯಾವುದಾದರೂ ಇದ್ದರೆ ಅದು ತೀರಾ ಮರ್ಯಾದಸ್ಥ ಪ್ರಾಣಿಯಾಗಿರಬೇಕು. ಅಷ್ಟು ಹೊತ್ತು ಕಾಯ್ದು ನಿಂತಿತಲ್ಲ!

ಇದನ್ನೆಲ್ಲ ನನಗೆ ಕಲಿಸಿದವರು ಶ್ರೀರಂಗಪಟ್ಟಣದ ಗಂಜಾಮಿನ ಅನ್ವರ್ ಭಾಯಿ. ಲಾರಿ ಇಟ್ಟುಕೊಂಡಿದ್ದಾರೆ. ನನ್ನ ಗಿರಣಿಗೆ ಗೋಧಿ ಮೂಟೆ ತರುವುದು ಅವರ ಲಾರಿಯೇ. ಅವರ ಮನೆಯಲ್ಲೂ ಲೈಸೆನ್ಸಿನ ಹಳೇ ಕೋವಿ ಇದೆ. ಅವರ ಮುತ್ತಾತನ ಮುತ್ತಾತ ಅದೇ ಕೋವಿ ಹಿಡಿದು ಕೋಟೆಯ ಬುರುಜಿನ ಮೇಲೆ ನಿಂತಿದ್ದರಂತೆ. ಭಾಯಿ ಹೇಳುವುದನ್ನು ಕೇಳಿದರೆ ಕೋಟೆ ಬಿದ್ದದ್ದು ಅವರು ಊಟಕ್ಕೆ ಎದ್ದು ಹೋಗಿದ್ದಾಗ.

ಚಿನಕುರಳಿ ಹೊರಗಿನ ಒಂದು ಹಳೇ ಕಲ್ಲುಕ್ವಾರಿಯಲ್ಲಿ ಭಾನುವಾರಗಳಂದು ನಮ್ಮ ಅಭ್ಯಾಸ ನಡೆಯಿತು. ಭಾಯಿ ಮದ್ದು ಅಳೆದು ಕೊಡುವರು, ನಾನು ಹೊಡೆಯುವೆ. ಡಬ್ಬ ಇಟ್ಟೆವು, ಡಬ್ಬಕ್ಕೆ ತಾಗಲಿಲ್ಲ. ಮಡಕೆ ಇಟ್ಟೆವು, ಮಡಕೆಗೆ ತಾಗಲಿಲ್ಲ. ಆದರೆ ಹಿಂದಿನ ಬಂಡೆಗೆ ಮಾತ್ರ ನನ್ನ ಗುರಿ ಒಂದು ಸಲವೂ ತಪ್ಪಲಿಲ್ಲ. ಬಂಡೆ ಊರಗಲ ಇತ್ತು.

"ಶಾಭಾಶ್ ಅಕ್ಕಾ! ಆವಾಜು ಬಿಲ್ಕುಲ್ ಕರೆಕ್ಟಾಗೈತೆ" ಎನ್ನುತ್ತಿದ್ದರು ಭಾಯಿ. ಗುರಿಯ ವಿಷಯ ಅವರು ಎತ್ತುತ್ತಿರಲಿಲ್ಲ. ದೊಡ್ಡ ಮನಸ್ಸು.

ಹೀಗಿರುವಾಗ ನಮ್ಮ ಮಗಳು ಚೈತ್ರಾಳನ್ನು ನೋಡಲು ನಾಗಮಂಗಲದ ಕಡೆಯಿಂದ ಗಂಡಿನವರು ಬಂದರು. ಚೈತ್ರ ಹಾಲಿನ ಡೈರಿಯಲ್ಲಿ ಕೆಲಸ ಮಾಡುತ್ತಾಳೆ. ಗಂಡು ಮಧು ಕೆ.ಆರ್. ಪೇಟೆಯಲ್ಲಿ ದನದ ಡಾಕ್ಟರು. ಇವಳು ಹಾಲು ನೋಡುವವಳು, ಅವನು ಹಾಲು ಕೊಡುವವರನ್ನು ನೋಡುವವನು. ಅದುವರೆಗೆ ಬಂದ ಸಂಬಂಧಗಳನ್ನೆಲ್ಲ ಮೂಗು ಮುರಿದು ಕಳಿಸಿದ್ದ ನನ್ನ ಮಗಳು, ಈ ಹುಡುಗನ ಫೋಟೋ ನೋಡಿ "ಬರ್ಲಿ ಬುಡವ್ವ" ಎಂದಿದ್ದಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಒಪ್ಪಿಗೆ ಸಿಗುವುದಿಲ್ಲ. ಹಾಗಾಗಿ ಈ ಸಂಬಂಧ ಕೈತಪ್ಪಬಾರದು ಎಂದು ಯಜಮಾನರೂ ನಾನೂ ಮುನ್ನಾ ದಿನವೇ ಮಾತಾಡಿಕೊಂಡಿದ್ದೆವು. ನಾನು ಕಡಿಮೆ ಮಾತಾಡುವುದು ಎಂದೂ ತೀರ್ಮಾನವಾಗಿತ್ತು.

ಹುಡುಗನ ತಂದೆ ಪುಟ್ಟಸ್ವಾಮಿಗೌಡರು ಒಳಗೆ ಬಂದರು. ಎತ್ತರದ ಆಳು. ಮೀಸೆ ಎರಡೂ ಕಡೆ ಮೇಲಕ್ಕೆ ತಿರುಗಿ, ಗಡಿಯಾರದಲ್ಲಿ ಹತ್ತೂ ಹತ್ತು ಆದಂತೆ ಕಾಣುತ್ತಿತ್ತು. ಕುಳಿತುಕೊಳ್ಳಲು ಹೋದವರು ಅರ್ಧಕ್ಕೇ ನಿಂತರು. ಕಣ್ಣು ಗೋಡೆಯ ಮೇಲೆ.

"ಇದು ಕೇಪಿನ ಕೋವಿ ಅಲ್ವಾ?"

ಅಲ್ಲಿಗೆ ವಧುಪರೀಕ್ಷೆ ಮುಗಿಯಿತು. ಕೋವಿಪರೀಕ್ಷೆ ಶುರುವಾಯಿತು! ಕಾಫಿ ತಟ್ಟೆ ಹಿಡಿದು ಬಂದ ಚೈತ್ರಾಳಿಗೆ "ಅಲ್ಲಿಡವ್ವ" ಎಂದು ಹೇಳಿ, ಗೌಡರು ಕೋವಿಯನ್ನು ಇಳಿಸಿಕೊಂಡು, ಹಿಡಿ ಸವರಿ, ಕುದುರೆ ಮುಟ್ಟಿ, ನಳಿಗೆಯ ಬಾಯಿಗೆ ಮೂಗಿಟ್ಟು ಮೂಸಿದರು. ಅವರ ಮನೆಯಲ್ಲೂ ಇಂಥದ್ದೇ ಇದೆಯಂತೆ. ಹಬ್ಬಕ್ಕೊಮ್ಮೆ ಈಡು ಹೊಡೆಯದಿದ್ದರೆ ಅವರಿಗೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲವಂತೆ.

"ಯಾರು ಹೊಡ್ಯೋದು ಇದುನ್ನ? ನೀವಾ?" ಎಂದು ನಮ್ಮ ಯಜಮಾನರನ್ನು ಕೇಳಿದರು.

ಯಜಮಾನರು ಕೊಲೆಗಾರನನ್ನು ತೋರಿಸುವ ಸಾಕ್ಷಿಯಂತೆ ನನ್ನ ಕಡೆ ಬೆರಳು ಮಾಡಿದರು.

"ನೀವಾ ತಂಗ್ಯವ್ವ! ಗುರಿ ಎಂಗೆ?"

'ಅಭ್ಯಾಸ ಮಾಡ್ತಾ ಇದ್ದೀನಿ ಅಣ್ಣ' ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಗಿರಣಿಯಲ್ಲಿ ಕೂಗಿ ಕೂಗಿ ನನ್ನ ಬಾಯಿಗೆ ಒಂದು ಅಭ್ಯಾಸವಾಗಿಬಿಟ್ಟಿದೆ. ಅದು ನನ್ನನ್ನು ಕೇಳದೆ ತೆರೆದುಕೊಳ್ಳುತ್ತದೆ.

"ತೆಂಗಿನಕಾಯಿ ಇಡ್ಸಿ ನೋಡಿ ಅಣ್ಣ. ಮೂರು ಕಣ್ಣಲ್ಲಿ ಯಾವ ಕಣ್ಣಿಗೆ ಹೊಡೀಬೇಕು ಅಂತ ಮೊದ್ಲೇ ಹೇಳ್ಬುಡಿ" ಎಂದುಬಿಟ್ಟಿತು.

ಯಜಮಾನರು ಕಾಫಿ ಲೋಟದೊಳಗೆ ಕೆಮ್ಮಿದರು. ಚೈತ್ರ ಕಣ್ಣು ಮುಚ್ಚಿಕೊಂಡಳು. ಗೌಡರ ಮೀಸೆ ಇನ್ನೂ ಒಂದಿಷ್ಟು ಮೇಲೆ ಹೋಯಿತು.

"ಅಂಗಾದ್ರೆ ಬರೋ ಭಾನ್ವಾರ ನೋಡೇ ಬುಡಾನ! ಕಾಯಿ ನಂದು, ಕೋವಿ ನಿಮ್ದು. ನೀವು ಕಾಯಿ ಒಡುದ್ರೆ ಅಲ್ಲೇ ವೀಳ್ಯ ಬದ್ಲಾಯ್ಸಾನ. ನಮ್ಮ ಮನೆಗೆ ಹೇಳುದ್ ಮಾತ್ನ ಉಳಿಸ್ಕಳೋ ಮನೆ ಹೆಣ್ಣೇ ಬೇಕು" ಎಂದು ಎದ್ದು ನಿಂತರು. ಅವರು ಹೊರಟಾಗ ಕಾಫಿ ಹಾಗೆಯೇ ಇತ್ತು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೆಟ್ಟಗೆ ನೋಡಿಕೊಂಡಿರಲೂ ಇಲ್ಲ.

"ಅವ್ವಾ, ನೀನು ಯಾವತ್ತಾದ್ರೂ ಏನಾದ್ರೂ ಹೊಡ್ದಿದ್ದೀಯಾ?" ಎಂದು ಚೈತ್ರ ಮೆಲ್ಲಗೆ ಕೇಳಿದಳು.

"ಬಂಡೆ" ಎಂದೆ.

ಭಾನುವಾರ ಬೆಳಗ್ಗೆ ಎರಡೂ ಮನೆಯವರು ಕ್ವಾರಿಯಲ್ಲಿ ಸೇರಿದೆವು. ಅಲ್ಲಿ ಕಲ್ಲು ಒಡೆಯುವುದು ನಿಂತು ಎಷ್ಟೋ ಕಾಲವಾಗಿದೆ. ಹಳ್ಳದಲ್ಲಿ ಸೊಂಟದುದ್ದ ನೀರು ನಿಂತು ಪಾಚಿ ಕಟ್ಟಿದೆ. ಹಿಂದೆ ಎತ್ತರದ ಬಂಡೆಗೋಡೆ. ಜಾಗದವರನ್ನು ಕೇಳಿದ್ದೇನೆ, ಠಾಣೆಗೂ ಹೇಳಿದ್ದೇನೆ ಎಂದು ಅನ್ವರ್ ಭಾಯಿ ಭರವಸೆ ಕೊಟ್ಟಿದ್ದರು. ನಾನು ಜಮಖಾನ ಹಾಸಿ, ಬೀಗರಾಗಬೇಕಾದವರಿಗೆಂದು ದೊಡ್ಡ ಪಾತ್ರೆಯ ತುಂಬಾ ಮೊಸರನ್ನ ಕಲಸಿ ತಂದಿಟ್ಟಿದ್ದೆ. ನಮ್ಮ ಯಜಮಾನರು ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಗಳನ್ನು ಪೂರ್ತಿ ಏರಿಸಿಕೊಂಡು, ಹೆಲ್ಮೆಟ್ಟು ಹಾಕಿಕೊಂಡು ಕುಳಿತರು. ಕಾರಿನೊಳಗೆ!

ಮೊದಲು ಗೌಡರ ಸರದಿ. ಏನು ಠೀವಿ! ಕೋವಿಯನ್ನು ಕಣ್ಣಿಗೊತ್ತಿಕೊಂಡು, ಶಾಸ್ತ್ರೋಕ್ತವಾಗಿ ಮದ್ದು ತುಂಬಿ, ಗಜ ಆಡಿಸಿ, ಕೇಪು ಇಟ್ಟು, ಒಂದು ಕಣ್ಣು ಮುಚ್ಚಿದರು. ಢಮ್! ಕಲ್ಲಿನ ಮೇಲಿದ್ದ ಕಾಯಿ ನಾಲ್ಕು ದಿಕ್ಕಿಗೆ ಹೋಳಾಗಿ ಹಾರಿತು. ಅವರ ಹೆಂಡತಿ ನಿಂಗಮ್ಮನವರು ಒಂದು ಚೂರನ್ನು ಹುಡುಕಿ ತಂದು, ಮಣ್ಣು ಒರೆಸಿ, ನನಗೆ ಪ್ರಸಾದದಂತೆ ಕೊಟ್ಟರು. ಅದನ್ನು ನುಂಗುವಾಗ ನನಗೆ ಆದ ಸಂಕಟ ಆ ಕಾಯಿಗೂ ಆಗಿರಲಿಕ್ಕಿಲ್ಲ.

ಇನ್ನೊಂದು ಕಾಯಿ ಇಟ್ಟರು. ನನ್ನ ಸರದಿ.

ಎಲ್ಲರ ಕಣ್ಣೂ ನನ್ನ ಮೇಲೆ. ಗೌಡರು ಮಾಡಿದಂತೆಯೇ ಕೋವಿಯನ್ನು ಕಣ್ಣಿಗೊತ್ತಿಕೊಂಡೆ. ನಾರು ತುರುಕಿದೆ, ಗುಂಡು ಹಾಕಿದೆ, ನಾರು ತುರುಕಿದೆ, ಗಜದಲ್ಲಿ ಗುದ್ದಿದೆ, ಕೇಪು ಇಟ್ಟೆ, ದೇವರನ್ನು ನೆನೆದೆ, ಕುದುರೆ ಬಿಟ್ಟೆ.

ಟಪ್.

ಅಷ್ಟೇ. ಒಲೆಯಲ್ಲಿ ಸಾಸಿವೆ ಸಿಡಿದ ಹಾಗೆ. ತೆಂಗಿನಕಾಯಿ ಮೂರೂ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು.

"ಅಕ್ಕಾ, ಮದ್ದು ಹಾಕುದ್ರಾ?" ಎಂದರು ಅನ್ವರ್ ಭಾಯಿ.

ಮದ್ದು! ಎಲ್ಲವನ್ನೂ ಹಾಕಿದ್ದೆ. ಮದ್ದು ಒಂದನ್ನು ಬಿಟ್ಟು.

ಕಾರಿನ ಕಿಟಕಿ ಎರಡು ಬೆರಳಷ್ಟು ಇಳಿಯಿತು. "ಇಂಗೇ ಹೊಡಿ ಕಣಮ್ಮಿ, ಇದೇ ಸರಿಯಾಗೈತೆ" ಎಂದು ಯಜಮಾನರ ದನಿ ಬಂತು. ಕಿಟಕಿ ಮತ್ತೆ ಏರಿತು.

ಈಗ ತಳದಲ್ಲಿ ಕುಳಿತ ಗುಂಡನ್ನು ಹೊರಗೆ ತೆಗೆಯಬೇಕು. ಅದಕ್ಕೆ ಗಜದ ತುದಿಗೆ ತಿರುಪು ಮೊಳೆ ಸಿಕ್ಕಿಸಿ, ಗುಂಡಿಗೆ ಕೊರೆದು, ಎಳೆಯಬೇಕು. ಭಾಯಿ ಗಜ ಹಿಡಿದರು. ಗೌಡರು ಕೋವಿಯ ಹಿಡಿ ಹಿಡಿದರು. ಹಗ್ಗಜಗ್ಗಾಟ ಶುರುವಾಯಿತು. "ಎಳೀ ಸಾಬ್ರೇ!" "ಆಪ್ ಕೀಂಚೋ ಗೌಡ್ರೇ!" ಗುಂಡು ಪಟಕ್ಕನೆ ಕಿತ್ತುಕೊಂಡು ಬಂದಾಗ ಭಾಯಿ ಒಂದು ಪೊದೆಗೆ, ಗೌಡರು ಎದುರಿನ ಪೊದೆಗೆ ಹೋಗಿ ಬಿದ್ದರು. ಎರಡೂ ಮುಳ್ಳಿನ ಪೊದೆಗಳೇ. ತಾರತಮ್ಯ ಇರಲಿಲ್ಲ.

ನನ್ನ ಮುಖ ಬೆಂಕಿಯಾಗಿತ್ತು. ಈ ಸಲ ಮದ್ದನ್ನು ನಾನೇ ಅಳೆಯುತ್ತೇನೆ ಎಂದು ಭಾಯಿಯ ಕೈಯಿಂದ ಮದ್ದಿನ ಡಬ್ಬಿಯನ್ನೂ ಅಳತೆಯ ಚಿಪ್ಪನ್ನೂ ಕಿತ್ತುಕೊಂಡೆ. ಇಲ್ಲಿ ನನ್ನ ಕಸುಬು ನನಗೆ ಕೈಕೊಟ್ಟಿತು. ಗಿರಣಿಯವರ ಕೈ ನೋಡಿ. ಅಳತೆ ತುಂಬಿದ ಮೇಲೆ ಒಂದಿಷ್ಟು ಕೊಸರು ಹಾಕದಿದ್ದರೆ ನಮಗೆ ನಿದ್ದೆ ಬರುವುದಿಲ್ಲ. ಕೊಸರು ಕೊಡದ ಅಂಗಡಿಗೆ ಯಾರು ಬರುತ್ತಾರೆ? ಅಳತೆ ಸುರಿದೆ. ಮೇಲೆ ಕೊಸರು ಹಾಕಿದೆ. ಮೊದಲ ಸಲ ಹಾಕದೇ ಇದ್ದ ಬಾಬ್ತು ಇನ್ನೊಂದಿಷ್ಟು ಹಾಕಿದೆ. ಬೀಗರ ಎದುರು ಜಿಪುಣತನ ಬೇಡವೆಂದು ಮತ್ತೊಂದಿಷ್ಟು. ಭಾಯಿ ಇನ್ನೂ ಮುಳ್ಳು ಕೀಳುತ್ತಿದ್ದರು. ನೋಡಲಿಲ್ಲ.

ನಾರು ಹಾಕಿ, ಗುಂಡು ಹಾಕಿ, ಗಜ ಇಳಿಸಿ ಗುದ್ದುತ್ತಿದ್ದೆ. ಆಗ ನಿಂಗಮ್ಮನವರು ಪಕ್ಕಕ್ಕೆ ಬಂದು, "ಅಲ್ಲ ತಂಗಿ, ಮೊಳಕೆ ಕಟ್ಟಿದ್ ರಾಗಿನ ಬೀಸ್ಬೇಕಾದ್ರೆ ಬಿಸ್ಲಲ್ಲಿ ಒಣಗುಸ್ಬೇಕೋ, ನೆಳ್ಳಲ್ಲೋ?" ಎಂದು ಕೇಳಿದರು.

ಗಿರಣಿಯ ಪ್ರಶ್ನೆ! ಉತ್ತರಿಸದೆ ಇದ್ದರೆ ವೃತ್ತಿಗೆ ಅವಮಾನ. "ನೆಳ್ಳಲ್ಲೇ ಒಣಗುಸ್ಬೇಕು ಕಣಕ್ಕ. ಬಿಸ್ಲಿಗೆ ಹಾಕುದ್ರೆ ಹಿಟ್ಟು ಕಮಟು ವಾಸ್ನೆ ಬತ್ತದೆ. ಆಮೇಲೆ ಒಂದು ಸುತ್ತು ಹುರೀಬೇಕು..." ಎಂದು ವಿವರಿಸುತ್ತಲೇ ಕೇಪು ಇಟ್ಟೆ, ಕೋವಿ ಎತ್ತಿದೆ, "...ಹದವಾದ ಉರೀಲಿ" ಎನ್ನುತ್ತಾ ಕುದುರೆ ಬಿಟ್ಟೆ.

ಅದನ್ನು ಶಬ್ದ ಎಂದು ಕರೆಯುವುದು ಶಬ್ದಕ್ಕೆ ಮಾಡುವ ಅನ್ಯಾಯ. ಬಂಡೆ ಅದುರಿತು, ಹಳ್ಳದ ನೀರು ಅಲೆ ಎದ್ದಿತು, ಊರಿನ ನಾಯಿಗಳೆಲ್ಲ ಒಟ್ಟಿಗೆ ಕೂಗಿದವು. ಕೋವಿಯ ಹಿಡಿ ನನ್ನ ಭುಜಕ್ಕೆ ಹೋರಿ ಗುದ್ದಿದಂತೆ ಗುದ್ದಿತು. ಹಿಂದಕ್ಕೆ ಹಾರಿದ ನಾನು ಎಲ್ಲಿಗೆ ಹೋಗಿ ಕುಳಿತೆ ಎಂದು ತಕ್ಷಣ ತಿಳಿಯಲಿಲ್ಲ. ಸುತ್ತಲೂ ಕಾರ್ಮೋಡದಂಥ ಹೊಗೆ. ಕೆಳಗೆ ಮಾತ್ರ ಮೆತ್ತಗೆ, ತಣ್ಣಗೆ ಹಾಯಾಗಿತ್ತು.

ಮೊಸರನ್ನದಲ್ಲಿ ಕುಳಿತಿದ್ದೆ.

ಹೊಗೆ ಸರಿಯಿತು. ತೆಂಗಿನಕಾಯಿ ಇದ್ದಲ್ಲೇ ಇತ್ತು. ಗೌಡರು ಕಾಯಿಯನ್ನು ಕೈಗೆತ್ತಿಕೊಂಡು ಸುತ್ತಲೂ ತಿರುಗಿಸಿ ನೋಡಿದರು. ಗೀರು ಕೂಡ ಬಿದ್ದಿರಲಿಲ್ಲ. ಅವರು ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅನ್ವರ್ ಭಾಯಿ ಕೋವಿಯನ್ನು ನೋಡಿ, ನೆಲವನ್ನು ನೋಡಿ, ನನ್ನ ಎರಡೂ ಕೈ ನೋಡಿ, ತೀರಾ ಸಣ್ಣ ದನಿಯಲ್ಲಿ ಕೇಳಿದರು.

"ಅಕ್ಕಾ, ಗಜ ಎಲ್ಲಿ?"

ಗಜವನ್ನು ನಾನು ನಳಿಗೆಯಿಂದ ಹೊರಗೆ ತೆಗೆದೇ ಇರಲಿಲ್ಲ!

ಎಲ್ಲರೂ ಕತ್ತೆತ್ತಿದೆವು. ಬಂಡೆಯ ಮೇಲ್ಭಾಗದಲ್ಲಿ, ಕಲ್ಲು ಮುಂದಕ್ಕೆ ಚಾಚಿಕೊಂಡ ಕಡೆ, ಕೇರುವ ಮೊರದಷ್ಟು ಅಗಲದ ಕಪ್ಪನೆಯ ವಸ್ತುವೊಂದು ತೂಗುತ್ತಿತ್ತು. ಅದರ ನಟ್ಟನಡುವೆ ನಮ್ಮಪ್ಪನ ಗಜ ಬಾಣದಂತೆ ನೆಟ್ಟುಕೊಂಡು ಇನ್ನೂ ಅಲ್ಲಾಡುತ್ತಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಕರಾರುವಾಕ್ಕಾದ ಗುರಿ ನಾನು ಹೊಡೆದದ್ದು ಅದೊಂದೇ ಸಲ.

"ಹೆಜ್ಜೇನು" ಎಂದರು ಗೌಡರು, ಬಹಳ ಗೌರವದಿಂದ.

ಆಮೇಲೆ ಯಾರೂ ಗೌರವದಿಂದ ಏನನ್ನೂ ಹೇಳಲಿಲ್ಲ.

ಮೋಡವೇ ಕಳಚಿ ಬಿದ್ದಂತೆ ಹೆಜ್ಜೇನು ಇಳಿಯಿತು. ನಿಂಗಮ್ಮನವರು ಸೆರಗು ಹೊದ್ದು ಬುಟ್ಟಿಯೊಂದನ್ನು ತಲೆಗೆ ಬೋರಲು ಹಾಕಿಕೊಂಡು ಕುಕ್ಕರಿಸಿದರು. ಮಧು ಜಮಖಾನವನ್ನು ಎಳೆದು ಚೈತ್ರಾಳ ಮೇಲೆ ಹೊದಿಸಿ, ತಾನೂ ಅದರೊಳಗೆ ತೂರಿಕೊಂಡ. ಪುಟ್ಟಸ್ವಾಮಿಗೌಡರು, ಇಡೀ ನಾಗಮಂಗಲ ತಾಲ್ಲೂಕಿನಲ್ಲಿ ಓಡಿದ್ದನ್ನು ಯಾರೂ ಕಾಣದ ಆ ಗಂಭೀರ ಮನುಷ್ಯರು, ಪಂಚೆ ಮೇಲೆತ್ತಿಕೊಂಡು ಕಾಯಿಸಮೇತ ಹಳ್ಳಕ್ಕೆ ಧುಮುಕಿದರು. ನಾನು ಮೊಸರನ್ನದಿಂದ ಎದ್ದು ಕಾರಿನ ಕಡೆ ಓಡಿದೆ. ಬಾಗಿಲು ಒಳಗಿನಿಂದ ಲಾಕು!

"ರೀ! ಬಾಗ್ಲು ತೆಗೀರಿ!"

"ಜೇನೂ ಒಳಗೆ ಬತ್ತವೆ ಕಣಮ್ಮಿ!" ಎಂದರು ನನ್ನ ಕೈ ಹಿಡಿದ ಮಹಾನುಭಾವರು, ಹೆಲ್ಮೆಟ್ಟಿನೊಳಗಿಂದ. "ನೀನು ಅತ್ತಗೆ ಓಡು, ಅವು ನಿನ್ ಹಿಂದೆ ಓಯ್ತವೆ. ಆಮೇಲೆ ತೆಗೀತೀನಿ!"

ಅನ್ವರ್ ಭಾಯಿ ರುಮಾಲಿನಲ್ಲಿ ಮುಖ ಸುತ್ತಿಕೊಂಡು ಕಿರುಚುತ್ತಿದ್ದರು. "ಅಕ್ಕಾ! ಇನ್ನೊಂದು ಈಡು ಹೊಡೀರಿ! ಹೊಗೆಗೆ ಜೇನು ಓಡೋಯ್ತವೆ!"

"ಗುದ್ದೋಕೆ ಗಜ ಎಲ್ಲೈತೆ ಭಾಯ್?"

"ತೋಬಾ ತೋಬಾ!" ಎಂದು ಅವರೂ ಹಳ್ಳಕ್ಕೆ ಬಿದ್ದರು. ಕೊನೆಗೆ ನಾನೂ ಬಿದ್ದೆ. ಮೂವರೂ ಪಾಚಿ ನೀರಿನಲ್ಲಿ ಮೂಗಿನವರೆಗೆ ಮುಳುಗಿ ಎಮ್ಮೆಗಳಂತೆ ಕುಳಿತೆವು. ಗೌಡರ ಮೀಸೆ ಒದ್ದೆಯಾಗಿ ಕೆಳಗೆ ಇಳಿದು, ಗಡಿಯಾರ ಎಂಟೂ ಇಪ್ಪತ್ತು ತೋರಿಸುತ್ತಿತ್ತು. ಅವರು ನನ್ನನ್ನು ನೋಡಿದರು. ನಾನು ನೀರಿನಲ್ಲಿ ಪೂರ್ತಿ ಮುಳುಗಿದೆ. ಜೇನಿಗೆ ಹೆದರಿ ಅಲ್ಲ.

ಜೇನು ಚದುರಿ ನಾವು ಮೇಲೆ ಬರುವಷ್ಟರಲ್ಲಿ ಊರಿನ ಅರ್ಧ ಜನ ದೊಣ್ಣೆ ಹಿಡಿದು ಬಂದಿದ್ದರು. ಜೊತೆಗೆ ಮೋಟಾರು ಸೈಕಲ್ಲಿನಲ್ಲಿ ಒಬ್ಬರು ಪೊಲೀಸರು. ನಿಂತುಹೋದ ಕ್ವಾರಿಯಲ್ಲಿ ಯಾರೋ ಕದ್ದು ಬಂಡೆ ಸಿಡಿಸುತ್ತಿದ್ದಾರೆ, ಮನೆಗಳು ಅದುರಿದವು, ಪಾತ್ರೆಗಳು ಬಿದ್ದವು ಎಂದು ದೂರು.

"ಯಾರ್ರೀ ಇಲ್ಲಿ ಡೈನಮೈಟು ಸಿಡ್ಸಿದ್ದು?" ಎಂದು ಪೊಲೀಸರು ಗದರಿದರು.

"ಡೈನಮೈಟಲ್ಲ ಸಾರ್" ಎಂದೆ. "ನಾನು."

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖಕ್ಕೆ ಮದ್ದಿನ ಮಸಿ, ತಲೆಗೆ ಪಾಚಿ, ಸೀರೆಗೆ ಮೊಸರನ್ನ. ಒಂದು ಕಿವಿ ಊದಿಕೊಂಡು ಇಡ್ಲಿಯಾಗಿತ್ತು. ಲೈಸೆನ್ಸು ತೋರಿಸಿದೆ. ಲೈಸೆನ್ಸಿನ ಫೋಟೋ ನೋಡಿ, "ಇದು ನೀವಾ?" ಎಂದು ಅನುಮಾನಪಟ್ಟರು. ಅವರ ತಪ್ಪಿಲ್ಲ.

"ಸ್ಟೇಷನ್‌ಗೆ ಹೇಳ್ಬೇಕು ಅಂತ ಗೊತ್ತಿಲ್ವಾ?"

"ಹೇಳಿದ್ದೆ ಸಾರ್" ಎಂದರು ಅನ್ವರ್ ಭಾಯಿ. "ಸ್ಟೇಷನ್ ಎದುರ್ಗಿನ ಟೀ ಅಂಗಡೀಲಿ ಎಲ್ರಿಗೂ ಹೇಳಿದ್ದೆ."

ಬುದ್ಧಿಮಾತು ಹೇಳಿ, ಇನ್ನು ಈ ಕಡೆ ಕೋವಿ ಹಿಡಿದು ಬಂದರೆ ಲೈಸೆನ್ಸೇ ಇರುವುದಿಲ್ಲ ಎಂದು ಎಚ್ಚರಿಸುತ್ತಿದ್ದ ಆ ಪುಣ್ಯಾತ್ಮರ ಕತ್ತಿಗೆ, ಹಿಂದುಳಿದಿದ್ದ ಒಂದೇ ಒಂದು ಜೇನು ಬಂದು ಕಚ್ಚಿತು. ಬುದ್ಧಿಮಾತು ಅರ್ಧಕ್ಕೇ ನಿಂತಿತು.

ಆಗ ಕೆಲಸಕ್ಕೆ ಬಂದವನು ಮಧು. ತನ್ನ ಬ್ಯಾಗಿನಿಂದ ಒಂದು ದೊಡ್ಡ ಡಬ್ಬಿ ತೆಗೆದು ಎಲ್ಲರಿಗೂ ಮುಲಾಮು ಹಚ್ಚುತ್ತಾ ಬಂದ. ಡಬ್ಬಿಯ ಮೇಲೆ ಎಮ್ಮೆಯ ಚಿತ್ರ ಇತ್ತು.

"ಇದುನ್ನ ಮನುಷ್ಯರಿಗೆ ಹಚ್ಬೋದೇನಪ್ಪ?" ಎಂದೆ.

"ಗೊತ್ತಿಲ್ಲ ಅತ್ತೆ. ಇಲ್ಲೀಗಂಟ ಯಾವ ದನಾನೂ ಕಂಪ್ಲೇಂಟು ಮಾಡಿಲ್ಲ" ಎಂದ.

ಅವನು ನನ್ನನ್ನು ಅತ್ತೆ ಎಂದದ್ದು ಆಗ ನನ್ನ ಊದಿದ ಕಿವಿಗೆ ಹೋಗಲಿಲ್ಲ.

ಗೌಡರು ಹಿಂದಿರುಗಿ ಕೂಡ ನೋಡದೆ ಕಾರು ಹತ್ತಿ ಹೋದರು. ಒಡೆಯದ ತೆಂಗಿನಕಾಯಿಯನ್ನೂ ಜೊತೆಗೆ ತೆಗೆದುಕೊಂಡು ಹೋದರು. ಸಂಬಂಧ ಮುರಿಯಿತು ಎನ್ನಲು ಇನ್ನೇನು ಬೇಕು? ಮನೆಗೆ ಬಂದು ನಾನು ಅಡುಗೆಮನೆಯ ಮೂಲೆಯಲ್ಲಿ ಕುಳಿತೆ. ಭುಜ ನೋಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮಗಳು ಮೊದಲ ಸಲ "ಬರ್ಲಿ ಬುಡವ್ವ" ಎಂದ ಹುಡುಗನ ಮನೆಯವರನ್ನು ನಾನೇ ಜೇನಿಗೆ ಕೊಟ್ಟೆನಲ್ಲ ಎಂದು ಎದೆ ನೋಯುತ್ತಿತ್ತು. ಚೈತ್ರ ಏನೂ ಬಯ್ಯಲಿಲ್ಲ. ಬಯ್ದಿದ್ದರೆ ವಾಸಿಯಿತ್ತು. ಎರಡು ದಿನ ಫೋನು ಹಿಡಿದುಕೊಂಡು ಮಹಡಿ ಹತ್ತುವಳು, ಇಳಿಯುವಳು. ಅಳಲು ಹೋಗುತ್ತಿದ್ದಾಳೆ ಎಂದುಕೊಂಡು ನಾನು ಕೆಳಗೆ ಕುಳಿತು ಕಣ್ಣೀರು ಹಾಕುತ್ತಿದ್ದೆ.

ಬುಧವಾರ ಅನ್ವರ್ ಭಾಯಿ ಫೋನು ಮಾಡಿದರು. "ಅಕ್ಕಾ, ಕೋವಿ ತೊಳೆದ್ರಾ? ಮದ್ದಿನ ಮಸಿ ಹಂಗೇ ಬುಟ್ರೆ ನಳಿಗೆ ತಿಂದ್ಬುಡ್ತದೆ. ಬಿಸಿನೀರು ಹುಯ್ಯಿ."

ಕೋವಿಯ ಮುಖ ನೋಡಲು ಮನಸ್ಸಿರಲಿಲ್ಲ. ಆದರೂ ಅಪ್ಪನ ವಸ್ತು. ಒಲೆಯ ಮೇಲೆ ಅವರೆಕಾಳಿನ ಸಾರು ಕುದಿಯುತ್ತಿತ್ತು. ಪಕ್ಕದ ಒಲೆಯಲ್ಲಿ ನೀರು ಕಾಯಿಸಿ, ಅಲ್ಲೇ ನಿಂತು ನಳಿಗೆಗೆ ಸುರಿದೆ.

ಮದ್ದಿನ ಮಸಿಗೆ ಬಿಸಿನೀರು ಬಿದ್ದರೆ ಏನಾಗುತ್ತದೆಂದು ಭಾಯಿ ಹೇಳಿರಲಿಲ್ಲ. ಗಂಧಕ ನೋಡಿ. ಕೊಳೆತ ಮೊಟ್ಟೆಯ ವಾಸನೆ! ಒಂದಲ್ಲ, ಒಂದು ಕೋಳಿಫಾರಮ್ಮಿನ ಮೊಟ್ಟೆಗಳೆಲ್ಲ ಒಟ್ಟಿಗೆ ಕೊಳೆತ ವಾಸನೆ! ಅಡುಗೆಮನೆ ತುಂಬಿ, ನಡುಮನೆ ತುಂಬಿ, ಬೀದಿಗೆ ಹರಿಯಿತು. ನಾನು ಮೂಗು ಮುಚ್ಚಿಕೊಂಡು ಕಿಟಕಿ ತೆರೆಯಲು ಹೋದರೆ, ಗೇಟಿನಲ್ಲಿ ಕಾರು ನಿಂತಿತ್ತು. ಪುಟ್ಟಸ್ವಾಮಿಗೌಡರು, ನಿಂಗಮ್ಮನವರು, ಮಧು ಇಳಿಯುತ್ತಿದ್ದರು. ತಟ್ಟೆಯಲ್ಲಿ ಹೂವು, ಹಣ್ಣು, ವೀಳ್ಯದೆಲೆ!

"ಬನ್ನಿ ತಂಗ್ಯವ್ವ ಆಚೆಗೆ" ಎಂದರು ಗೌಡರು, ಗೇಟಿನಿಂದಲೇ. ಮೀಸೆ ಮತ್ತೆ ಹತ್ತೂ ಹತ್ತಕ್ಕೆ ಬಂದಿತ್ತು. ಮುಖ ಮಾತ್ರ ಇನ್ನೂ ಒಂದು ಕಡೆ ಊದಿತ್ತು. "ಇವ್ರಿಬ್ರೂ ಜಮಖಾನದೊಳಗೇ ಎಲ್ಲಾ ಮಾತಾಡ್ಕಂಡವ್ರಂತೆ. ನಾವು ಬೇಡ ಅಂದ್ರೂ ಕೇಳೋರಲ್ಲ. ನಾನು ಬೇಡ ಅನ್ನಾದೂ ಇಲ್ಲ ಬುಡಿ. ಇಪ್ಪತ್ತು ವರ್ಸದಿಂದ ಓಡಿರ್ನಿಲ್ಲ ನಾನು. ಮಂಡಿನೋವೇ ಹೊಂಟೋಗದೆ!"

ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಸಂತೋಷಕ್ಕೆ, ಅರ್ಧ ವಾಸನೆಗೆ. ಅವರು ಒಳಗೆ ಬಂದರು. ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಿಂಗಮ್ಮನವರು ಮೆಲ್ಲಗೆ ಸೆರಗನ್ನು ಮೂಗಿಗೆ ತಂದರು.

"ಊಟ ಮಾಡ್ಕಂಡೇ ಹೋಗ್ಬೇಕು. ಸಾರು ಕುದೀತಾ ಐತೆ" ಎಂದೆ ಉತ್ಸಾಹದಿಂದ.

"ಸಾರಾ?" ಎಂದರು ನಿಂಗಮ್ಮನವರು, ಬೆಚ್ಚಿ. "ಬ್ಯಾಡ ತಂಗಿ. ನಾನು ಉಪ್ವಾಸ. ಸ್ವಾಮಾರ."

"ಇವತ್ತು ಬುಧವಾರ ಅಲ್ವೇನಕ್ಕ?"

"ಅದೇ... ಸ್ವಾಮಾರದ್ದು ಉಳ್ಕಂಡಿತ್ತು."

ಗೌಡರಿಗೂ ಯಾವುದೋ ವಾರದ್ದು ಉಳಿದುಕೊಂಡಿತ್ತು. ಮಧುವಿನದೂ ಹಾಗೆಯೇ. ಆಗ ನಮ್ಮ ಯಜಮಾನರು ನನ್ನ ಮಾನ ಕಾಪಾಡಲು ಧಾವಿಸಿದರು. "ಅಯ್ಯೋ, ಅದು ಕೆಟ್ಟ ಮೊಟ್ಟೆ ಅಲ್ಲ ಬೀಗ್ರೆ. ಕೋವಿ ತೊಳ್ದ ನೀರು!"

"ಸಾರ್ಗಾ?" ಎಂದು ಗೌಡರು ಎದ್ದೇ ನಿಂತರು.

ವೀಳ್ಯ ಬದಲಾಯಿತು, ಬಾಗಿಲಿನ ಹೊರಗೆ, ಗಾಳಿ ಬರುವ ಕಡೆ. ಅವರು ಹೊನ್ನು ಕೇಳಲಿಲ್ಲ, ಕಾರು ಕೇಳಲಿಲ್ಲ. ಒಂದೇ ಒಂದು ಷರತ್ತು ಹಾಕಿದರು. ಮದುವೆಯ ಅಡುಗೆ ಮಾತ್ರ ಗಂಡಿನ ಕಡೆಯವರದ್ದೇ. ಹೆಣ್ಣಿನ ಕಡೆಯಿಂದ ಒಂದು ಉಪ್ಪಿನಕಾಯಿಯೂ ಬರಕೂಡದು!

ಮದುವೆ ನಾಗಮಂಗಲದಲ್ಲಿ ಚೆನ್ನಾಗಿ ನಡೆಯಿತು. ಧಾರೆ ಮುಗಿದ ಮೇಲೆ ಸುಮ್ಮನೆ ಕೂರಲಾರದೆ ನಾನು ಅಡುಗೆಯ ಕಡೆ ಹೋದೆ. ಹುಳಿಯ ಕೊಳದಪ್ಪಲೆ ಕುದಿಯುತ್ತಿತ್ತು. ಉಪ್ಪು ಹುಳಿ ನೋಡೋಣವೆಂದು ಸೌಟಿಗೆ ಕೈ ಹಾಕಿದೆ ಅಷ್ಟೇ. ಅಡುಗೆಯವರು ಎಲ್ಲಿದ್ದರೋ, ಹಾರಿ ಬಂದು ಕೊಳದಪ್ಪಲೆಗೆ ಅಡ್ಡ ನಿಂತು ಕೈ ಮುಗಿದರು.

"ತಾಯೀ, ನಿಮ್ಮ ದಮ್ಮಯ್ಯ, ಹುಳಿ ಮುಟ್ಬ್ಯಾಡಿ. ಬೇಕಾದ್ರೆ ಅತ್ಲಾಗೋಗಿ ಕೋವಿ ಹೊಡ್ಕಳಿ!"